ಸಾವಿರ ನಾದಗಳ ನಡುವೆ

ಕಾಸರಗೋಡಿನ ನ್ಯಾಯಾಲಯದಿಂದ ಮರಳಿದ ಮೇಲೆ ಕಂಪ್ಯೂಟರಿನಲ್ಲಿ ಸಂಗೀತ ಹೊಸೆಯುವುದು ನನ್ನ ಹವ್ಯಾಸ. ಮಗಳ ಕನ್ನಡ ಶಾಲೆಯ ವಾರ್ಷಿಕೋತ್ಸವದ ಹಾಡಿಗೆ ಹಿನ್ನೆಲೆ ಸಂಗೀತ ಒದಗಿಸುವೆನೆಂದು ಮಾತು ಕೊಟ್ಟಿದ್ದೆ.

1983ರಲ್ಲಿ ಬಂದ ಯಮಹಾ ಡಿಎಕ್ಸ್7 ಸಿಂಥಸೈಜರಿನ ಒಡಲಲ್ಲಿದ್ದುದು 32 ನಾದಗಳು ಮಾತ್ರ. ಅದನ್ನು ಅನುಕರಿಸುವ ಡೆಕ್ಸೆಡ್ ಎಂಬ ಉಚಿತ ಪ್ಲಗಿನ್‌ಗಾಗಿ ನಾನು ಕೂಡಿಹಾಕಿದ ಸಿದ್ಧನಾದಗಳು, ಅಂದರೆ ಪ್ರಿಸೆಟ್‌ಗಳು, ಸಾವಿರಾರು. ಒಂದೊಂದನ್ನೇ ಕೇಳುತ್ತ ಹತ್ತು ಸಂಜೆಗಳು ಕಳೆದವು; ಹಾಡು ಮೊದಲಾಗಲಿಲ್ಲ.

“ಅಪ್ಪಾ, ನಾವು ಹಾರ್ಮೋನಿಯಂ ಇಟ್ಟುಕೊಂಡೇ ಹಾಡುತ್ತೇವೆ” ಎಂದಳು ಮಗಳು. ಆ ಮಾತು ನಾಟಿತು.

ಕಕ್ಷಿದಾರರ ಕಡತಗಳನ್ನು ಒಪ್ಪವಾಗಿಡುವವನು ನಾದಗಳನ್ನು ಮಾತ್ರ ರಾಶಿ ಹಾಕಿದ್ದೆ. ಅಂದೇ ಪ್ರಿಸೆಟ್ ನಿರ್ವಹಣೆಯ ತಂತ್ರಾಂಶವೊಂದನ್ನು ತೆರೆದು ‘ಶ್ರುತಿ’, ‘ಕೊಳಲು’, ‘ಗಂಟೆ’, ‘ಮಂದ್ರ’ ಎಂದು ಕನ್ನಡದಲ್ಲೇ ಗುರುತು ಹಚ್ಚಿದೆ. ಎಲ್ಲವನ್ನೂ ಮಗಳ ಹಾಡಿನ ಪಲ್ಲವಿಯಲ್ಲೇ, ಒಂದೇ ಮಟ್ಟದ ಧ್ವನಿಯಲ್ಲಿ ಪರೀಕ್ಷಿಸಿದೆ. ಗಟ್ಟಿಯಾದದ್ದೇ ಇಂಪಾದದ್ದೆಂದು ಕಿವಿ ಮೋಸಹೋಗುತ್ತದೆ. ಕೂಗಾಡಿದವನೇ ಗೆಲ್ಲುವುದು ನ್ಯಾಯವಲ್ಲವಷ್ಟೆ.

ಹನ್ನೆರಡು ಉಳಿದವು. ಶಾಲೆಯಲ್ಲಿ ಮಕ್ಕಳ ದನಿಯೊಡನೆ ಕೇಳಿದಾಗ ಹನ್ನೊಂದನ್ನು ಕೈಬಿಟ್ಟೆ. ಉಳಿದ ಒಂದು ಶ್ರುತಿನಾದ ಹಾರ್ಮೋನಿಯಮ್ಮಿನ ಕೆಳಗೆ ಮೆಲ್ಲನೆ ನಿಂತಿತು. ಮಕ್ಕಳ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.