ನೀರು ಬಂದ ದಾರಿಯಲ್ಲಿ ಸೈಕಲ್ಲು

ಸೈಕಲ್ ಸವಾರರಲ್ಲಿ ಎರಡು ಪಂಗಡ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ತುಳಿಯುತ್ತ, ಇಕ್ಕೆಲದ ಮರಗಿಡಗಳನ್ನು ನೋಡುತ್ತ, ಹಸಿವಾದಲ್ಲಿ ಇಳಿದು ಉಣ್ಣುವವರದು ಒಂದು. ಏರು ಕಂಡೊಡನೆ ಮೈಯೊಳಗೆ ಭೂತ ಹೊಕ್ಕವರಂತೆ ಬೆಟ್ಟದ ನೆತ್ತಿಯ ಕಡೆಗೆ ಮುಖ ತಿರುಗಿಸುವವರದು ಇನ್ನೊಂದು. ಈ ಎರಡು ಪಂಗಡಗಳೂ ಜಗಳವಾಡದೆ ಒಂದೇ ಊರಿನಲ್ಲಿ ಬೀಡುಬಿಡಬಹುದಾದ ಸೀಮೆಯೊಂದು ದಕ್ಷಿಣ ಫ್ರಾನ್ಸಿನಲ್ಲಿದೆ. ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದಂಚಿನ ತೋ ಸರೋವರದವರೆಗೆ ೨೪೦ ಕಿಲೋಮೀಟರು ಸಾಗುವ ಕನಾಲ್ ದ್ಯು ಮಿದಿ ಎಂಬ ಕಾಲುವೆ ಅಲ್ಲಿದೆ. ಅದರ ಉತ್ತರಕ್ಕೆ ಮೊಂತಾಞ್ ನ್ವಾರ್, ಎಂದರೆ ಕರಿಯ ಬೆಟ್ಟ, ಗೋಡೆಯಂತೆ ನಿಂತಿದೆ. ಪ್ರವಾಸಿಗಳಲ್ಲಿ ಹೆಚ್ಚಿನವರು ಕಾಲುವೆಯನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ. ಆದರೆ ಆ ಕಾಲುವೆಯ ಗುಟ್ಟು ಇರುವುದು ಬೆಟ್ಟದಲ್ಲಿ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಶ್ಚಿಮ ತೀರದ ಹಡಗು ದಕ್ಷಿಣ ತೀರಕ್ಕೆ ಬರಬೇಕಾದರೆ ಸ್ಪೇನ್ ದೇಶವನ್ನೆಲ್ಲ ಬಳಸಿ ಜಿಬ್ರಾಲ್ಟರನ್ನು ಹಾದು ಬರಬೇಕಾಗಿತ್ತು. ನಡುವೆ ನೆಲವನ್ನು ಅಗೆದು ಎರಡು ಸಮುದ್ರಗಳನ್ನು ಕೂಡಿಸುವ ಕನಸು ಅರಸರಿಗೆ ಹಳೆಯದೇ. ಅಗೆಯುವುದೇನೋ ಆದೀತು, ನೀರೆಲ್ಲಿ? ನೊರೂಜ್ ಎಂಬಲ್ಲಿ ನೆಲವು ಸಮುದ್ರಮಟ್ಟದಿಂದ ಸುಮಾರು ೧೯೦ ಮೀಟರು ಎತ್ತರಕ್ಕೇರುತ್ತದೆ. ಅಲ್ಲಿಂದ ಒಂದು ಕಡೆಯ ಮಳೆನೀರು ಅಟ್ಲಾಂಟಿಕಿಗೂ ಇನ್ನೊಂದು ಕಡೆಯದು ಮೆಡಿಟರೇನಿಯನ್ನಿಗೂ ಇಳಿಯುತ್ತದೆ. ದೋಣಿಯನ್ನು ಏರಿಸಿ ಇಳಿಸುವ ಅಡ್ಡಗಟ್ಟೆಯ ಬಾಗಿಲನ್ನು ತೆರೆದಾಗಲೆಲ್ಲ ಆ ನೆತ್ತಿಯ ನೀರು ಎರಡೂ ಕಡೆಗೆ ಸೋರಿಹೋಗುವುದು. ಬೇಸಗೆಯಲ್ಲಿಯೂ ಬತ್ತದ ಹೊಳೆಯೊಂದನ್ನು ಅಷ್ಟೆತ್ತರಕ್ಕೆ ತರುವವರಾರು?

ಈ ಪ್ರಶ್ನೆಯನ್ನು ಬಿಡಿಸಿದವನು ಶಿಲ್ಪಿಯೂ ಅಲ್ಲ, ಯಂತ್ರಶಾಸ್ತ್ರಜ್ಞನೂ ಅಲ್ಲ. ಬೇಜಿಯೇ ಊರಿನಲ್ಲಿ ಹುಟ್ಟಿ, ಉಪ್ಪಿನ ಕರವನ್ನು ವಸೂಲುಮಾಡುವ ಗುತ್ತಿಗೆ ಹಿಡಿದಿದ್ದ ಪಿಯೇರ್-ಪಾಲ್ ರಿಕೆ. ಕರಿಬೆಟ್ಟದ ಝರಿಗಳನ್ನು ತಡೆದು, ಸಣ್ಣ ತೋಡುಗಳಲ್ಲಿ ನಡೆಸಿ, ನೊರೂಜಿಗೆ ತಂದುಬಿಟ್ಟರೆ ಸಾಕೆಂದು ಅವನು ೧೬೬೨ರಲ್ಲಿ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರನಿಗೆ ಬರೆದ. ೧೬೬೬ರಲ್ಲಿ ಅರಸನ ಅಪ್ಪಣೆಯಾಯಿತು. ಕೆಲಸದ ಭರದ ದಿನಗಳಲ್ಲಿ ೧೨,೦೦೦ ಮಂದಿ ಅಗೆಯುತ್ತಿದ್ದರಂತೆ; ಅವರಲ್ಲಿ ಹೆಂಗಸರೂ ಇದ್ದರು. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಕಾಯಿಲೆಯ ದಿನಕ್ಕೂ ರಿಕೆ ಕೂಲಿ ಕೊಟ್ಟನು. ಕರ ವಸೂಲಿಯವನಲ್ಲಿ ಇಂತಹ ಬುದ್ಧಿ ಅಪರೂಪವೆಂದೇ ಹೇಳಬೇಕು. ಬೊಕ್ಕಸದ ಹಣ ಸಾಲದೆ ಬಂದಾಗ ಸ್ವಂತ ಆಸ್ತಿಯನ್ನು ಸುರಿದ. ಹೆಣ್ಣುಮಕ್ಕಳ ಮದುವೆಗೆಂದು ತೆಗೆದಿರಿಸಿದ್ದ ಹಣವೂ ಮಣ್ಣಿನೊಳಗೆ ಹೋಯಿತೆಂದು ಜನ ಹೇಳುತ್ತಾರೆ. ೧೬೮೦ರ ಅಕ್ಟೋಬರಿನಲ್ಲಿ ಅವನು ಕಣ್ಣು ಮುಚ್ಚಿದ. ಕಾಲುವೆಯಲ್ಲಿ ಮೊದಲ ದೋಣಿಗಳು ಸಾಗಿದ್ದು ೧೬೮೧ರ ಮೇ ತಿಂಗಳಲ್ಲಿ. ಎಂಟು ತಿಂಗಳು ತಡವಾಯಿತು. ಮಕ್ಕಳಿಗೆ ಉಳಿದದ್ದು ಕಾಲುವೆ ಮತ್ತು ಸಾಲ.

ತುಲೂಸಿನಿಂದ ಹೊರಟ ಸವಾರನಿಗೆ ಮೊದಲ ಐವತ್ತು ಕಿಲೋಮೀಟರು ಯಾವ ಕಷ್ಟವೂ ಇಲ್ಲ. ಹಿಂದೆ ದೋಣಿಯನ್ನೆಳೆಯುವ ಕುದುರೆಗಳು ನಡೆದ ದಡದ ಮೇಲೆ ಈಗ ಟಾರು ಹಾಸಿದೆ. ಇಕ್ಕೆಲದಲ್ಲಿ ಲೊರಾಗೇ ಬಯಲಿನ ಗೋಧಿ, ಸೂರ್ಯಕಾಂತಿ. ಕಷ್ಟವೆಂದರೆ ಗಾಳಿಯೊಂದೇ. ಆಗ್ನೇಯದಿಂದ ಬೀಸುವ ಓತಾಂ ಎಂಬ ಗಾಳಿಗೆ ಆ ನಾಡಿನ ಜನ ಹುಚ್ಚು ಹಿಡಿಸುವ ಗಾಳಿಯೆಂದು ಹೆಸರಿಟ್ಟಿದ್ದಾರೆ. ವಾಯವ್ಯದಿಂದ ಬರುವ ಸೆರ್ಸ್ ಅದರ ದಾಯಾದಿ. ಸಮುದ್ರದ ಕಡೆಗೆ ಹೊರಟವನು ಸೆರ್ಸ್ ಬೀಸುವ ದಿನವನ್ನು ಆರಿಸಿಕೊಂಡರೆ ಅರ್ಧ ಪಯಣವನ್ನು ಗಾಳಿಯೇ ಮಾಡಿಕೊಡುತ್ತದೆ. ಓತಾಂ ಎದುರಾದರೆ ಸಮತಟ್ಟಾದ ದಾರಿಯೂ ಬೆಟ್ಟವೇ ಸರಿ.

ನೊರೂಜಿನಲ್ಲಿ ಕಾಲುವೆಯನ್ನು ಬಿಟ್ಟು ಎಡಕ್ಕೆ ತಿರುಗಬೇಕು. ಅಲ್ಲಿ ರಿಕೆಯ ವಂಶದವರು ೧೮೨೭ರಲ್ಲಿ ನಿಲ್ಲಿಸಿದ ಕಲ್ಲಿನ ಕಂಬವಿದೆ. ಅದರ ಹತ್ತಿರದಿಂದ ರೆವೆಲ್ ಊರಿನ ಕಡೆಗೆ ಒಂದು ಕಿರುದೋಡು ಹೋಗುತ್ತದೆ. ಹೋಗುತ್ತದೆಂದರೆ ತಪ್ಪಾದೀತು, ನೀರು ಬರುತ್ತಿರುವುದು ಎದುರಿನಿಂದ. ಹಾರಿ ದಾಟಬಹುದೆನಿಸುವಷ್ಟು ಅಗಲ, ಮೇಲೆ ಮರಗಳ ನೆರಳು, ಪಕ್ಕದಲ್ಲಿ ಕಾಲುದಾರಿ. ಮೂವತ್ತೆಂಟು ಕಿಲೋಮೀಟರಿನಷ್ಟು ದೂರ ಅದು ಗದ್ದೆಬಯಲನ್ನೂ ದಿಣ್ಣೆಗಳನ್ನೂ ಬಳಸುತ್ತ ಬರುತ್ತದೆ. ಇಳಿಜಾರು ಎಷ್ಟು ಕಡಿಮೆಯೆಂದರೆ ಸವಾರನು ಏರುತ್ತಿರುವುದು ಅವನ ಕಾಲಿಗೆ ತಿಳಿಯುವುದೇ ಇಲ್ಲ. ದೋಣಿಯೇರದ, ಚಿತ್ರದ ಅಂಚೆಕಾರ್ಡುಗಳಲ್ಲಿ ಕಾಣದ ಈ ತೋಡು ನಿಂತುಹೋದರೆ ಅತ್ತ ಕಾಲುವೆಯ ನೆತ್ತಿ ಒಣಗಬೇಕಾದದ್ದೇ.

ರೆವೆಲ್ ದಾಟಿದ ಮೇಲೆ ಸಣ್ಣದೊಂದು ಏರು, ಸ್ಯಾಂ-ಫೆರೆಯೋಲ್ ಕೆರೆ. ೧೬೬೭ರಲ್ಲಿ ಮೊದಲ ಕಲ್ಲನ್ನಿಟ್ಟು ಐದು ವರ್ಷಗಳಲ್ಲಿ ಕಟ್ಟಿದ ಏರಿ, ಮುನ್ನೂರೈವತ್ತು ವರ್ಷಗಳಾದರೂ ಕೆಲಸ ಮಾಡುತ್ತಿದೆ. ಹೊರಗಿನಿಂದ ನೋಡಿದರೆ ಹುಲ್ಲು ಬೆಳೆದ ಮಣ್ಣುದಿಬ್ಬ. ಅದರೊಳಗೆ ಕಲ್ಲಿನ ಗೋಡೆಗಳು, ತೂಬನ್ನು ತಲುಪಲು ಕತ್ತಲ ಸುರಂಗಗಳು. ಅಲ್ಲಿಂದ ಮೇಲಕ್ಕೆ ಲೆ ಕಮಾಜ್ ಹಳ್ಳಿಯವರೆಗೆ ಡಾಂಬರು ರಸ್ತೆ ಕಡಿದಾಗಿದೆ. ಹಳ್ಳಿಯ ಬಳಿ ಬೆಟ್ಟದ ತೋಡು ಸುರಂಗವೊಂದನ್ನು ಹೊಕ್ಕು ಹೊರಬರುತ್ತದೆ. ರಿಕೆ ಸತ್ತ ಮೇಲೆ ಕಾಲುವೆಯ ಕುಂದುಗಳನ್ನು ಸರಿಪಡಿಸಲು ಬಂದ ಕೋಟೆಗಾರ ವೋಬಾಂ ಮಾಡಿಸಿದ್ದು ಅದು. ಆಮೇಲೆ ಬೀಚ್ ಮರಗಳ ಕಾಡು, ಜರಿಗಿಡ, ತಣ್ಣನೆಯ ಮಣ್ಣಿನ ವಾಸನೆ. ಕೊನೆಗೆ ಆಲ್ಜೋ ಎಂಬ ಹೊಳೆ. ರಿಕೆಯ ತೋಡು ಹಿಡಿದದ್ದು ಆ ಹೊಳೆಯನ್ನು. ಅಲ್ಲಿ ನೋಡುವಂಥದು ಹೆಚ್ಚೇನಿಲ್ಲ. ಒಂದು ಕಟ್ಟೆ, ಒಂದು ಬಾಗಿಲು, ಸದ್ದು ಮಾಡದೆ ದಾರಿ ಬದಲಿಸುವ ನೀರು. ಅದನ್ನು ನೋಡಲು ಇಷ್ಟು ದೂರ ತುಳಿದು ಬಂದವನಿಗೆ ಮಾತ್ರ ಅದು ದೊಡ್ಡದಾಗಿ ಕಾಣುತ್ತದೆ.

ಏರಿನ ಹಟ ತೀರದವರಿಗೆ ಪೂರ್ವದಲ್ಲಿ ಪಿಕ್ ದ ನೋರ್ ಇದೆ. ಕರಿಬೆಟ್ಟದ ಶಿಖರ, ೧,೨೧೧ ಮೀಟರು. ಉತ್ತರದ ಬುಡದಲ್ಲಿರುವ ಮಾಜಾಮೆ, ಒಂದು ಕಾಲದಲ್ಲಿ ದೂರದೇಶಗಳ ಕುರಿಚರ್ಮ ತರಿಸಿ ಉಣ್ಣೆ ಬಿಡಿಸಿ ಸಿರಿಯಾದ ಊರು. ಹೆಸರಾಂತ ಸೈಕಲ್ ಪಟು ಲೊರಾಂ ಜಲಾಬೇರ್ ಹುಟ್ಟಿದ್ದು ಅಲ್ಲಿಯೇ. ಈ ಏರಿನಲ್ಲಿ ಹಲ್ಲುಚಕ್ರ ಬದಲಿಸುವ ಉಪಕರಣವನ್ನು ಮನಸಾರೆ ಹರಸದವರಿಲ್ಲ. ಆದರೆ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ೧೯೩೭ರವರೆಗೂ ಅದಕ್ಕೆ ಪ್ರವೇಶವಿರಲಿಲ್ಲ! ೧೯೦೩ರ ಮೊದಲ ಪಂದ್ಯದಲ್ಲಿ ಮಾರ್ಸೇಲಿನಿಂದ ತುಲೂಸಿನವರೆಗಿನ ೪೨೩ ಕಿಲೋಮೀಟರನ್ನು ಒಂದೇ ಹಂತವಾಗಿ ತುಳಿದವರು ಮನುಷ್ಯರೋ ಅಲ್ಲವೋ ಎಂಬ ಸಂಶಯ ಬಂದರೆ ಆಶ್ಚರ್ಯವಿಲ್ಲ. ಶಿಖರದ ಉತ್ತರದ ಇಳಿಜಾರು ಹಸಿರು ಕಾಡು. ದಕ್ಷಿಣಕ್ಕೆ ಇಳಿಯತೊಡಗಿದರೆ ಕೆಲವೇ ತಿರುವುಗಳಲ್ಲಿ ಕುರುಚಲು ಗಿಡ, ಬಿಳಿಗಲ್ಲು, ಜೀರುಂಡೆಯ ಸದ್ದು. ಅಟ್ಲಾಂಟಿಕಿನ ಹವೆ ಬೆನ್ನ ಹಿಂದೆ ಉಳಿಯುತ್ತದೆ. ಕೆಳಗೆ ಮಿನೆರ್ವ್ವಾ ಸೀಮೆಯ ದ್ರಾಕ್ಷಿತೋಟಗಳು. ದಡದ ದಾರಿಯಲ್ಲಿ ಬೇರುಗಳೂ ಮಣ್ಣೂ ಇರುವಲ್ಲಿ ಸಣ್ಣ ಟೈರಿನವರು ಈ ತೋಟಗಳ ನಡುವಣ ಕಿರುರಸ್ತೆಗಳನ್ನು ಹಿಡಿಯುವುದು ಲೇಸು.

ಅರ್ಝಾಂಸ್ ಹಳ್ಳಿಯಿಂದ ಬೇಜಿಯೇಯ ಅಂಚಿನವರೆಗೆ ಕಾಲುವೆ ಒಂದೇ ಮಟ್ಟದಲ್ಲಿ ೫೪ ಕಿಲೋಮೀಟರು ಹರಿಯುತ್ತದೆ, ನಡುವೆ ಒಂದು ಅಡ್ಡಗಟ್ಟೆಯೂ ಇಲ್ಲ. ಮಟ್ಟವನ್ನು ಕಾಯಲು ಅದು ಪ್ರತಿ ದಿಣ್ಣೆಯನ್ನೂ ಬಳಸಿ ಹೋಗಬೇಕಾಯಿತು. ಎದುರಿಗೆ ಕಂಡ ಚರ್ಚಿನ ಗೋಪುರ ಅರ್ಧ ಗಂಟೆಯ ಮೇಲೆ ಬೆನ್ನ ಹಿಂದೆ, ಮತ್ತೆ ಪಕ್ಕದಲ್ಲಿ! ಮಾಲ್ಪಾ ಎಂಬಲ್ಲಿ ಮಾತ್ರ ಬಳಸಲು ದಾರಿ ಸಿಗದೆ ರಿಕೆ ಗುಡ್ಡವನ್ನೇ ಕೊರೆಸಿದ. ಯೂರೋಪಿನಲ್ಲಿ ದೋಣಿಗಾಗಿ ಕೊರೆದ ಮೊದಲ ಸುರಂಗವೆಂದು ಅದಕ್ಕೆ ಖ್ಯಾತಿ. ಅದೇ ಗುಡ್ಡದೊಳಗೆ ಇನ್ನೆರಡು ಸುರಂಗಗಳಿವೆ. ಹದಿಮೂರನೆಯ ಶತಮಾನದಲ್ಲಿ ಮೊಂತಾದಿಯ ಜೌಗನ್ನು ಬತ್ತಿಸಲು ತೋಡಿದ ಚರಂಡಿ ಒಂದು, ಹತ್ತೊಂಬತ್ತನೆಯ ಶತಮಾನದ ರೈಲುಮಾರ್ಗ ಇನ್ನೊಂದು. ಬತ್ತಿದ ಆ ಜೌಗು, ಪಕ್ಕದ ಗುಡ್ಡದ ಮೇಲಿನಿಂದ ನೋಡಿದರೆ, ಗಾಡಿಯ ಗಾಲಿಯ ಅರೆಗಳಂತೆ ಸೀಳಿದ ಹೊಲಗಳ ದೊಡ್ಡ ವೃತ್ತವಾಗಿ ಕಾಣುತ್ತದೆ.

ಆದರೆ ಈ ದಾರಿಯ ಸೊಬಗನ್ನು ಹತ್ತು ಇಪ್ಪತ್ತು ವರ್ಷಗಳ ಹಿಂದೆ ಕಂಡು ಬಂದವರು ಈಗ ಹೋದರೆ ಎದೆ ಹಿಂಡಿದಂತಾಗುವುದು. ಅಂದು ದಡದ ಇಕ್ಕೆಲದಲ್ಲಿ ೪೨,೦೦೦ ಪ್ಲೇನ್ ಮರಗಳು ಕೈಕೈ ಹಿಡಿದು ನೀರಿನ ಮೇಲೆ ಹಸಿರು ಚಪ್ಪರ ಹಾಕಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮದ್ದುಗುಂಡಿನ ಪೆಟ್ಟಿಗೆಗಳ ಮರದೊಳಗೆ ಅಡಗಿ ಫ್ರಾನ್ಸಿಗೆ ಬಂತೆಂದು ನಂಬಲಾದ ಶಿಲೀಂಧ್ರವೊಂದು ೨೦೦೬ರಲ್ಲಿ ಕಾಲುವೆಯ ದಡದಲ್ಲಿ ಕಾಣಿಸಿಕೊಂಡಿತು. ಬೇರಿನಿಂದ ಬೇರಿಗೆ, ನೀರಿನಿಂದ, ದೋಣಿಯ ಉಜ್ಜಿನಿಂದ ಅದು ಹರಡುತ್ತದೆ. ಹಿಡಿದ ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ, ಮದ್ದಿಲ್ಲ. ರೋಗ ತಗುಲಿದ ಮರವನ್ನಷ್ಟೇ ಅಲ್ಲ, ಅದರ ಆರೋಗ್ಯವಂತ ನೆರೆಯವರನ್ನೂ ಕಡಿದು ಸುಡಬೇಕು. ಅರ್ಧಕ್ಕೂ ಹೆಚ್ಚು ಮರಗಳು ಹೀಗೆ ಹೋದವು. ಮರಗಳು ಬರಿಯ ಅಲಂಕಾರವಾಗಿರಲಿಲ್ಲ. ಅವುಗಳ ಬೇರು ದಡವನ್ನು ಹಿಡಿದಿತ್ತು, ನೆರಳು ನೀರು ಆವಿಯಾಗದಂತೆ ತಡೆದಿತ್ತು. ಈಗ ಮೈಲುಗಟ್ಟಲೆ ಬೋಳು ದಡ, ಮೇಲೆ ಜುಲೈ ತಿಂಗಳ ಬಿಸಿಲು.

ಕಡಿದ ಜಾಗದಲ್ಲಿ ಟರ್ಕಿ ಓಕ್ ಮೊದಲಾದ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಇನ್ನೊಂದು ರೋಗ ಬಂದರೂ ಎಲ್ಲವೂ ಒಟ್ಟಿಗೆ ಹೋಗಬಾರದಲ್ಲ. ಪ್ರತಿ ಸಸಿಗೂ ಒಂದು ಊರುಗೋಲು. ಅವು ಚಪ್ಪರವಾಗುವುದನ್ನು ಇಂದು ನಡುವಯಸ್ಸಿನಲ್ಲಿರುವ ಯಾವ ಸವಾರನೂ ಕಾಣಲಾರ. ಪ್ಲೇನ್ ಮರಗಳನ್ನು ರಿಕೆಯೂ ಕಂಡಿರಲಿಲ್ಲ. ಅವನ್ನು ನೆಟ್ಟದ್ದು ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ.

ಬೇಜಿಯೇಯ ಹೊರಗೆ ಫೊಂಸೆರಾನ್‌ನಲ್ಲಿ ಕಾಲುವೆ ಒಮ್ಮೆಗೇ ಮೆಟ್ಟಿಲಿಳಿಯುತ್ತದೆ. ಎಂಟು ಕೋಣೆಗಳು, ಒಂಬತ್ತು ಬಾಗಿಲುಗಳು, ಇಪ್ಪತ್ತೊಂದೂವರೆ ಮೀಟರು. ಗೋಡೆಗಳು ಮಣ್ಣಿನ ಒತ್ತಡ ತಾಳಲೆಂದು ಕೋಣೆಗಳನ್ನು ಮೊಟ್ಟೆಯಾಕಾರದಲ್ಲಿ ಕಟ್ಟಿದ್ದಾರೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಊರಿನವರು ಮಕ್ಕಳೊಡನೆ ಬಂದು ದೋಣಿಗಳು ಇಳಿಯುವುದನ್ನು ನೋಡುತ್ತ ನಿಲ್ಲುತ್ತಾರೆ. ಇಲ್ಲಿ ಸವಾರನು ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೇ ಮರ್ಯಾದೆ. ಮುಂದೆ ಆಗ್ದ್ ಊರಿನ ಕರಿಗಲ್ಲಿನ ಮನೆಗಳು. ಆಮೇಲೆ ಓಂಗ್ಲೂ ಎಂಬಲ್ಲಿ ಸಣ್ಣ ದೀಪಸ್ತಂಭ, ತೋ ಸರೋವರದ ಉಪ್ಪುನೀರು, ದೂರದಲ್ಲಿ ಸಿಂಪಿ ಸಾಕುವ ಚೌಕಟ್ಟುಗಳ ಸಾಲು. ತುಲೂಸಿಗೆ ಹಿಂದಿರುಗುವವರು ಆಗ್ದ್‌ನಲ್ಲಿಯೇ ರೈಲು ಹತ್ತಬಹುದು. ಮಾಲ್ಪಾ ಗುಡ್ಡದೊಳಗಿನ ಆ ಮೂರನೆಯ ಸುರಂಗದಲ್ಲಿ ರೈಲು ನುಸುಳುವಾಗ ಕಾಲುವೆ ತಲೆಯ ಮೇಲಿರುತ್ತದೆ.