ವರ್ದೋದಿಂದ ಸಿತಿಯಾಗೆ: ಒಂದೇ ನಂಬರಿನ ರಸ್ತೆ, ಹಲವು ಕಡೆ ತುಂಡು

ಯೂರೋಪಿನ ಭೂಪಟವನ್ನು ನೆಲದ ಮೇಲೆ ಹರಡಿ, ನಾರ್ವೆಯ ಮೇಲ್ತುದಿಯಲ್ಲಿ ಬೆರಳಿಟ್ಟು ನೋಡಿ. ಕಡಲಿಗೆ ಚಾಚಿಕೊಂಡ ಒಂದು ಪುಟ್ಟ ದ್ವೀಪದ ಮೇಲೆ ವರ್ದೋ ಎಂಬ ಊರಿದೆ. ಬೆರಳನ್ನು ಮೆಲ್ಲಗೆ ಕೆಳಕ್ಕೆ ಎಳೆಯುತ್ತ ಬಂದರೆ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಸಿತಿಯಾ ಸಿಗುತ್ತದೆ. ಒಂದೂರಿನಲ್ಲಿ ಹಿಮಸಾರಂಗ, ಇನ್ನೊಂದೂರಿನಲ್ಲಿ ಆಲಿವ್ ಮರ. ಈ ಎರಡನ್ನೂ ಜೋಡಿಸುವ ಹೆದ್ದಾರಿಯ ಹೆಸರು ಇ-75. ಉದ್ದ ಸುಮಾರು 5,600 ಕಿಲೋಮೀಟರ್.

ಯೂರೋಪಿನ ರಸ್ತೆಗಳಿಗೆ ಹೀಗೆ ‘ಇ’ ನಂಬರು ಕೊಟ್ಟದ್ದು ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗ. ಈಗಿನ ವ್ಯವಸ್ಥೆಗೆ ಜಿನೀವಾದಲ್ಲಿ 1975ರಲ್ಲಿ ಆದ ಒಪ್ಪಂದವೇ ಆಧಾರ. ಉತ್ತರ ದಕ್ಷಿಣಕ್ಕೆ ಹೋಗುವ ಮುಖ್ಯ ರಸ್ತೆಗಳಿಗೆ ಬೆಸ ಸಂಖ್ಯೆ, ಪೂರ್ವ ಪಶ್ಚಿಮದವಕ್ಕೆ ಸಮ ಸಂಖ್ಯೆ. ಹಸಿರು ಫಲಕದ ಮೇಲೆ ಬಿಳಿ ಅಕ್ಷರ. ಇದನ್ನು ನೋಡಿದವರಿಗೆ ಫಲಕ ಹಿಡಿದು ಹೋದರೆ ಸಾಕು, ಊರು ತಾನಾಗಿ ಬರುತ್ತದೆ ಎನಿಸುವುದು ಸಹಜ. ಆದರೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಲು ಕೂತಾಗ ಗೊತ್ತಾಗುತ್ತದೆ, ಇದು ಒಂದು ರಸ್ತೆಯಲ್ಲ. ಎಲ್ಲೆಲ್ಲಿ ತುಂಡಾಗಿದೆ ಎಂದು ಮೊದಲೇ ಹುಡುಕಿಡುವುದೇ ಈ ಪ್ರಯಾಣದ ನಿಜವಾದ ಸಿದ್ಧತೆ.

ಯಾವಾಗ ಹೊರಡಬೇಕು? ವರ್ದೋದಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನ ದರ್ಶನವೇ ಇಲ್ಲ. ಹಾಗೆಂದು ಜುಲೈ ಆರಿಸಿಕೊಂಡರೆ ಗ್ರೀಸ್ ತಲುಪುವ ಹೊತ್ತಿಗೆ ಅಲ್ಲಿ ಸುಡುಬಿಸಿಲು, ಹಡಗುಗಳಲ್ಲಿ ಜಾಗವಿಲ್ಲ. ಜೂನ್ ಮೊದಲ ವಾರ ಹೊರಡುವುದು ವಾಸಿ. ವರ್ದೋದಿಂದ ಹೊರಬೀಳುವ ದಾರಿ ಸಮುದ್ರದ ಅಡಿಯಲ್ಲಿದೆ. 1982ರಲ್ಲಿ ಪೂರ್ಣಗೊಂಡ ಈ ಸುರಂಗ ನಾರ್ವೆಯ ಮೊಟ್ಟಮೊದಲ ಸಮುದ್ರದಡಿಯ ರಸ್ತೆ ಸುರಂಗ. ಅತ್ಯಂತ ಆಳದ ಜಾಗ ನೀರಿನ ಮಟ್ಟಕ್ಕಿಂತ 88 ಮೀಟರ್ ಕೆಳಗೆ! ಊರು ಬಿಡುವ ಮುನ್ನ ಸ್ಟೈಲ್‌ನೆಸೆಟ್ ಸ್ಮಾರಕವನ್ನು ನೋಡದೆ ಹೋಗಬಾರದು. ಹದಿನೇಳನೇ ಶತಮಾನದಲ್ಲಿ ಮಾಟಗಾರರೆಂದು ಕೊಂದ 91 ಮಂದಿಯ ನೆನಪಿಗೆ 2011ರಲ್ಲಿ ಕಟ್ಟಿದ್ದು ಅದು.

ಅಲ್ಲಿಂದ ಫಿನ್ಲೆಂಡಿನ ರೊವಾನಿಯೆಮಿಗೆ ಸುಮಾರು 650 ಕಿ.ಮೀ. ನಕ್ಷೆಯಲ್ಲಿ ಒಂದು ದಿನದ ದಾರಿ. ಆದರೆ ಬಹುಪಾಲು ಎರಡೇ ಲೇನಿನ ರಸ್ತೆ, ಊರುಗಳು ದೂರ ದೂರ, ಹಿಮಸಾರಂಗಗಳು ನಮ್ಮೂರ ಎಮ್ಮೆಗಳಷ್ಟೇ ನಿಶ್ಚಿಂತೆಯಿಂದ ಅಡ್ಡ ನಿಲ್ಲುತ್ತವೆ. ಎಡಬದಿಯಲ್ಲಿ ಓಡಿಸಿ ಅಭ್ಯಾಸವಾದವರು ಇಲ್ಲಿ ಬಲಬದಿಯಲ್ಲಿ ಓಡಿಸಬೇಕು, ಗೇರು ಬಲಗೈಗೆ. ಎರಡು ದಿನ ಇಟ್ಟುಕೊಳ್ಳುವುದೇ ಸರಿ.

ಮೊದಲ ತುಂಡು ಹೆಲ್ಸಿಂಕಿಯಲ್ಲಿ. ಭೂಪಟದಲ್ಲಿ ಇ-75 ಇಲ್ಲಿ ಸಮುದ್ರಕ್ಕಿಳಿದು ಪೋಲೆಂಡಿನ ಗ್ಡಾನ್‌ಸ್ಕ್‌ನಲ್ಲಿ ಎದ್ದು ನಿಲ್ಲುತ್ತದೆ. ಆದರೆ ಈ ಎರಡು ಊರುಗಳ ನಡುವೆ ನೇರವಾಗಿ ಕಾರು ಸಾಗಿಸುವ ಪ್ರಯಾಣಿಕರ ಹಡಗನ್ನು ನೆಚ್ಚಿಕೊಳ್ಳುವಂತಿಲ್ಲ. ಎರಡು ಗಂಟೆಯಲ್ಲಿ ಎಸ್ಟೋನಿಯಾದ ತಾಲಿನ್‌ಗೆ ಒಯ್ಯುವ ಹಡಗು ಹತ್ತಿ, ಅಲ್ಲಿಂದ ಇ-67 ಹಿಡಿದು ಲಾತ್ವಿಯಾ, ಲಿಥುವೇನಿಯಾ ದಾಟಿ ಪೋಲೆಂಡ್ ಸೇರಬೇಕು. ಲೆಕ್ಕಕ್ಕಿಲ್ಲದ ಮೂರು ದೇಶಗಳು ಹೀಗೆ ಬಿಟ್ಟಿಯಾಗಿ ಸಿಗುತ್ತವೆ. ರೀಗಾದ ಹಳೆಯ ಪೇಟೆಗೆ ಒಂದು ದಿನ ಕೊಟ್ಟರೆ ಮೋಸವಿಲ್ಲ.

ಪೋಲೆಂಡ್ ದಾಟಿ, ಚೆಕ್ ದೇಶದ ಒಂದು ಮೂಲೆಯನ್ನು ಮುಟ್ಟಿ, ಸ್ಲೊವಾಕಿಯಾ ಮೂಲಕ ಬುಡಾಪೆಸ್ಟ್ ಸೇರುವವರೆಗೆ ದೊಡ್ಡ ತಾಪತ್ರಯವಿಲ್ಲ. ಸ್ಲೊವಾಕಿಯಾ, ಹಂಗೆರಿಗಳಲ್ಲಿ ಹೆದ್ದಾರಿಯ ಸುಂಕವನ್ನು ಮೊದಲೇ ಕಟ್ಟಿ ಕಾರಿನ ನಂಬರನ್ನು ನೋಂದಾಯಿಸಬೇಕು. ಸೊನ್ನೆಯ ಬದಲು ‘ಓ’ ಅಕ್ಷರ ಒತ್ತಿದರೂ ಕ್ಯಾಮೆರಾ ಕಣ್ಣಿಗೆ ಅದು ಸುಂಕ ಕಟ್ಟದ ಕಾರು. ದಂಡದ ಕಾಗದ ಆಮೇಲೆ ಮನೆಗೆ ಬರುತ್ತದೆ.

ಎರಡನೆಯ ತುಂಡು ಕಣ್ಣಿಗೆ ಕಾಣುವುದಿಲ್ಲ, ಪಾಸ್‌ಪೋರ್ಟಿನಲ್ಲಿದೆ. ತಂದೆ ತಾಯಂದಿರು ಹೆಚ್ಚು ಎಚ್ಚರ ವಹಿಸಬೇಕಾದ ಜಾಗವೂ ಇದೇ. ನಾರ್ವೆಯಿಂದ ಹಂಗೆರಿಯವರೆಗೆ ಎಲ್ಲವೂ ಷೆಂಗೆನ್ ವಲಯ, ಒಂದೇ ವೀಸಾ ಸಾಕು. (ನಾರ್ವೆ ಯೂರೋಪಿಯನ್ ಒಕ್ಕೂಟದಲ್ಲಿಲ್ಲ, ಷೆಂಗೆನ್‌ನಲ್ಲಿದೆ.) ಗ್ರೀಸ್ ಕೂಡ ಷೆಂಗೆನ್. ಆದರೆ ನಡುವೆ ಬರುವ ಸರ್ಬಿಯಾ, ಉತ್ತರ ಮ್ಯಾಸಿಡೋನಿಯಾ ಅದರಲ್ಲಿಲ್ಲ. ಒಮ್ಮೆ ಮಾತ್ರ ಪ್ರವೇಶಿಸುವ ವೀಸಾ ಹಿಡಿದ ವಿದ್ಯಾರ್ಥಿ ಹಂಗೆರಿ ಬಿಟ್ಟು ಸರ್ಬಿಯಾಕ್ಕೆ ಕಾಲಿಟ್ಟರೆ ಅವನ ವೀಸಾ ಅಲ್ಲಿಗೆ ಮುಗಿಯಿತು. ಗ್ರೀಸಿನ ಗಡಿಯಲ್ಲಿ ಒಳಗೆ ಬಿಡುವುದಿಲ್ಲ. ಮುಂದಿನ ಹೋಟೆಲು, ಹಡಗು, ವಿಮಾನದ ಟಿಕೆಟ್ಟು ಎಲ್ಲವೂ ನೀರುಪಾಲು. ಅರ್ಜಿ ಹಾಕುವಾಗಲೇ ಹಲವು ಬಾರಿಯ ಪ್ರವೇಶ ಕೇಳಿ, ಕಾರಣವನ್ನು ದಾರಿಯ ಪಟ್ಟಿಯೊಂದಿಗೆ ಬರೆದು ಕೊಡಬೇಕು. ಅರ್ಜಿ ಯಾವ ದೇಶಕ್ಕೆ? ಹೆಚ್ಚು ದಿನ ತಂಗುವ ದೇಶಕ್ಕೆ. ಎಲ್ಲ ಕಡೆ ಸಮನಾದರೆ ಮೊದಲು ಪ್ರವೇಶಿಸುವ ದೇಶಕ್ಕೆ. ಆದ್ದರಿಂದ ದಿನಗಳ ಲೆಕ್ಕ ಮೊದಲು, ಅರ್ಜಿ ಆಮೇಲೆ.

ಹಲವು ಬಾರಿಯ ವೀಸಾ ಸಿಗದಿದ್ದರೆ? ಈಗ ಬೇರೆ ದಾರಿಯಿದೆ. ರುಮೇನಿಯಾ, ಬಲ್ಗೇರಿಯಾಗಳು 2025ರ ಜನವರಿ 1ರಂದು ಷೆಂಗೆನ್‌ನ ಪೂರ್ಣ ಸದಸ್ಯರಾದವು. ಹಂಗೆರಿಯಿಂದ ಇ-79 ಹಿಡಿದು ರುಮೇನಿಯಾ ಹೊಕ್ಕು, 2013ರಲ್ಲಿ ತೆರೆದ ಡ್ಯಾನ್ಯೂಬ್ ಸೇತುವೆಯನ್ನು ವಿದಿನ್ ಬಳಿ ದಾಟಿ, ಸೋಫಿಯಾ ಮೂಲಕ ಗ್ರೀಸಿನ ಥೆಸಲೊನಿಕಿ ತಲುಪಬಹುದು. ವಲಯದ ಹೊರಗೆ ಹೆಜ್ಜೆಯಿಡುವ ಪ್ರಮೇಯವೇ ಇಲ್ಲ.

ಆದರೆ ಹಾಗೆ ಹೋದವರಿಗೆ ಬೆಲ್‌ಗ್ರೇಡ್ ತಪ್ಪುತ್ತದೆ. ಅದೊಂದು ನಷ್ಟವೇ. ಸಾವಾ ನದಿ ಡ್ಯಾನ್ಯೂಬನ್ನು ಕೂಡುವ ಜಾಗದಲ್ಲಿ ಕೋಟೆಯ ಮೇಲೆ ಒಂದು ಸಂಜೆ ಕೂರುವ ಸುಖ ಬೇರೆಯೇ. ಬೆಲ್‌ಗ್ರೇಡ್‌ನಿಂದ ದಕ್ಷಿಣಕ್ಕೆ ಹೋಗುವ ಈ ರಸ್ತೆ ಹಳೆಯ ಯುಗೊಸ್ಲಾವಿಯಾದ ‘ಬಂಧುತ್ವ ಮತ್ತು ಏಕತೆ’ ಹೆದ್ದಾರಿಯ ಭಾಗ. 1948ರಲ್ಲಿ ಆರಂಭವಾದ ಆ ಕೆಲಸಕ್ಕೆ ಗುದ್ದಲಿ ಹಿಡಿದವರಲ್ಲಿ ಸಾವಿರಾರು ಯುವಕ ಯುವತಿಯರು, ವಿದ್ಯಾರ್ಥಿಗಳು ಇದ್ದರು. ರಸ್ತೆ ಉಳಿದಿದೆ. ಆ ದೇಶ 1990ರ ದಶಕದಲ್ಲಿ ಚೂರುಚೂರಾಯಿತು.

ಇನ್ನು ಕಾರಿನ ಮಾತು. ನಾರ್ವೆಯಲ್ಲಿ ಬಾಡಿಗೆಗೆ ಪಡೆದು ಕ್ರೀಟ್‌ನಲ್ಲಿ ಬಿಟ್ಟು ಬರುತ್ತೇವೆಂದರೆ ಕಂಪನಿಗಳು ಒಪ್ಪುವುದು ಅಪರೂಪ. ಒಪ್ಪಿದರೂ ಕೇಳುವ ಹಣಕ್ಕೆ ಎದೆ ಧಸಕ್ಕೆನ್ನುತ್ತದೆ. ಒಕ್ಕೂಟದ ಹೊರಗಿನ ದೇಶಗಳಿಗೆ ಒಯ್ಯಲು ಲಿಖಿತ ಅನುಮತಿ, ವಿಮೆಯ ಗ್ರೀನ್ ಕಾರ್ಡ್ ಬೇಕಾಗಬಹುದು. ಇಪ್ಪತ್ತೈದು ತುಂಬದ ಚಾಲಕರಿಗೆ ಎಷ್ಟೋ ಕಡೆ ಹೆಚ್ಚುವರಿ ಶುಲ್ಕ. ದಾರಿಯನ್ನು ಹೇಗೂ ಸಮುದ್ರ ಕತ್ತರಿಸಿದೆಯಲ್ಲ, ಕಾರನ್ನೂ ಅಲ್ಲಲ್ಲೇ ಬದಲಿಸುವುದು ಜಾಣತನ. ಹೆಲ್ಸಿಂಕಿಯಲ್ಲಿ ಒಂದನ್ನು ಬಿಟ್ಟು ಹಡಗಿಗೆ ಕಾಲ್ನಡಿಗೆಯಲ್ಲಿ ಹತ್ತಿದರೆ ಟಿಕೆಟ್ಟೂ ಅಗ್ಗ. ಭಾರತದ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರವಾನಗಿಯ ಜೊತೆ ಮೂಲ ಲೈಸೆನ್ಸೂ ಕೈಯಲ್ಲಿರಲಿ.

ಥೆಸಲೊನಿಕಿ ದಾಟಿದ ಮೇಲೆ ಒಲಿಂಪಸ್ ಪರ್ವತದ ಸೆರಗಿನಲ್ಲಿ ಟೆಂಪಿ ಕಣಿವೆ. ನೋಡಲು ಚೆಲುವಾದ ಈ ಕಿರಿದಾದ ದಾರಿಯಲ್ಲಿ 2003ರ ಏಪ್ರಿಲ್‌ನಲ್ಲಿ ಶಾಲಾ ಪ್ರವಾಸ ಮುಗಿಸಿ ಮರಳುತ್ತಿದ್ದ ಬಸ್ಸು ಅಪಘಾತಕ್ಕೀಡಾಗಿ 21 ವಿದ್ಯಾರ್ಥಿಗಳು ಸತ್ತರು. ಸುರಂಗಗಳ ಹೊಸ ಹೆದ್ದಾರಿ ತೆರೆದದ್ದು 2017ರಲ್ಲಿ. ಅವುಗಳಲ್ಲಿ ಉದ್ದನೆಯದು ಸುಮಾರು ಆರು ಕಿ.ಮೀ. ಇದೆ. ಈಗ ವಾಹನಗಳು ಕಣಿವೆಯನ್ನು ನೋಡದೆಯೇ ದಾಟಿಬಿಡುತ್ತವೆ.

ಅಥೆನ್ಸ್‌ನಲ್ಲಿ ಕೊನೆಯ ತುಂಡು. ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಕ್ರೀಟ್‌ನ ಹಾನಿಯಾ ಅಥವಾ ಹೆರಾಕ್ಲಿಯನ್. ದ್ವೀಪದ ಉತ್ತರ ಕರಾವಳಿಯಲ್ಲಿ ಇ-75 ಫಲಕ ಮತ್ತೆ ಕಾಣಿಸಿಕೊಳ್ಳುತ್ತದೆ. ಹೆರಾಕ್ಲಿಯನ್‌ನಿಂದ ಸಿತಿಯಾಗೆ ಸುಮಾರು 130 ಕಿ.ಮೀ.; ಕೊನೆಕೊನೆಗೆ ಬೆಟ್ಟದ ಅಂಕುಡೊಂಕು. ವರ್ದೋದಲ್ಲಿ ತೊಟ್ಟಿದ್ದ ಉಣ್ಣೆ ಅಂಗಿ ಹಿಂದಿನ ಸೀಟಿನಲ್ಲಿ ಬಿದ್ದಿರುತ್ತದೆ. ಕಾರನ್ನು ಹೆರಾಕ್ಲಿಯನ್‌ಗೆ ಹಿಂತಿರುಗಿಸಬೇಕಾದ್ದರಿಂದ ಬಂದ ದಾರಿಯಲ್ಲೇ ವಾಪಸು ಹೋಗಲು ಇನ್ನೊಂದು ದಿನವನ್ನು ಪಟ್ಟಿಯಲ್ಲಿ ಮರೆಯದೆ ಬರೆದುಕೊಳ್ಳಿ.