ಬೀಸುವ ಕಲ್ಲೂ ಬೀಸುವ ಯಂತ್ರವೂ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಆದರೂ ಸಂತೆಯ ಗದ್ದಲದ ನಡುವೆ ನಿಂತು ಗೆಳತಿಯ ಮಾತನ್ನು ನಾವು ಕೇಳಬಲ್ಲೆವು. ಕಿವಿಯು ಎಲ್ಲವನ್ನೂ ಒಳಕ್ಕೆ ಬಿಟ್ಟುಕೊಂಡರೂ ಮನಸ್ಸು ಬೇಕಾದುದನ್ನು ಆಯ್ದುಕೊಂಡು ಬೇಡವಾದುದನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ. ಮೈಕಿಗೆ ಅಂತಹ ಮನಸ್ಸಿಲ್ಲ. ಅದು ಹಾಡನ್ನು ಹಿಡಿಯುವಷ್ಟೇ ಶ್ರದ್ಧೆಯಿಂದ, ಹಾಡನ್ನು ಮುದ್ರಿಸಿಕೊಳ್ಳುವ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ತಿರುಗುವ ಫ್ಯಾನಿನ ಭರ್ರೆಂಬ ಸದ್ದನ್ನೂ ಹಿಡಿಯುತ್ತದೆ. ಮನೆಯಲ್ಲಿಯೇ ಹಾಡುಗಳನ್ನು ಮುದ್ರಿಸಿ ಹದಗೊಳಿಸುವವರ ಪಾಲಿಗೆ ಇದು ಕರೆಯದೆ ಬಂದು ಕುಳಿತ ಪಕ್ಕವಾದ್ಯ.

ನಾನು ಸಂಗೀತ ವಿದುಷಿಯಲ್ಲ. ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಅಕ್ಷರ ಕಲಿಸುವವಳು. ನಮ್ಮ ಸೀಮೆಯ ಮುದುಕಿಯರ ಬಾಯಲ್ಲಿ ಬೀಸುವ ಕಲ್ಲಿನ ಪದಗಳು ಇನ್ನೂ ಅಷ್ಟಿಷ್ಟು ಉಳಿದಿವೆ. ಅವನ್ನು ಮುದ್ರಿಸಿ, ಹಾರ್ಮೋನಿಯಮ್ಮನ್ನೂ ತಾಳವನ್ನೂ ಹಿತವಾಗಿ ಕೂಡಿಸಿ, ತರಗತಿಯಲ್ಲಿ ಕೇಳಿಸುವುದು ನನ್ನ ಹವ್ಯಾಸ. 1930ರ ದಶಕದಲ್ಲಿ ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಇಂತಹ ತ್ರಿಪದಿಗಳನ್ನು ಕೂಡಿಹಾಕಿ 'ಗರತಿಯ ಹಾಡು' ಎಂದು ಅಚ್ಚುಹಾಕಿಸಿ ಕನ್ನಡಕ್ಕೆ ಮಹೋಪಕಾರ ಮಾಡಿದರು. ಆದರೆ ಕಾಗದವು ಮಾತನ್ನು ಹಿಡಿಯುತ್ತದೆ, ಧಾಟಿಯನ್ನು ಹಿಡಿಯದು. ಗಿರಣಿ ಬಂದು ಕಲ್ಲು ಮೂಲೆ ಸೇರಿತು. ಧಾಟಿಯನ್ನು ಬಲ್ಲವರು ಎಂಬತ್ತನ್ನು ಸಮೀಪಿಸಿದರು. ಅವರ ಕಂಠ ಈಗ ಬತ್ತಿ ತಗ್ಗಿದ ದೀಪದಂತಿದೆ. ಅದರ ಮೇಲೆ ಫ್ಯಾನಿನ ಸದ್ದು ಬಿದ್ದರೆ ಉಸಿರಿನ ಎಳೆಯೂ ಸ್ವರದ ಕೊಂಕೂ ಮುಚ್ಚಿಹೋಗುತ್ತವೆ. ಇನ್ನೊಮ್ಮೆ ಹಾಡಿಸೋಣವೆನ್ನಲು ಆ ಜೀವಗಳು ಎಷ್ಟು ದಿನ ಇರುವವೋ ಹೇಳಬಲ್ಲವರು ಯಾರು?

ಫ್ಯಾನಿನ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಗಣಕಯಂತ್ರ ಸೆಳೆದುಕೊಂಡ ವಿದ್ಯುತ್ತು ಬಹುಮಟ್ಟಿಗೆ ಶಾಖವಾಗಿಯೇ ಹೊರಬೀಳುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿನ ಧ್ವನಿಯನ್ನು ಅದು 44,100 ಅಳತೆಗಳಾಗಿ ಬರೆದಿಡುತ್ತದೆ. ಪದರದ ಮೇಲೆ ಪದರ ಕೂಡಿಸಿ, ಒಂದೊಂದಕ್ಕೂ ಕೃತಕ ಮಾರ್ದನಿಯ ಸಂಸ್ಕಾರ ಕೊಡಹೊರಟರೆ, ಆ ಒಂದೊಂದು ಅಳತೆಗೂ ಲೆಕ್ಕ ನಡೆಯಬೇಕು. ಲೆಕ್ಕ ಹೆಚ್ಚಿದಂತೆ ಶಾಖ. ಶಾಖ ಹೆಚ್ಚಿದಂತೆ ಗಾಳಿ. ಗಾಳಿ ಹೆಚ್ಚಿದಂತೆ ಸದ್ದು. 40 ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ ಅದು ಒಳಗೆಳೆದುಕೊಳ್ಳುವ ಗಾಳಿಯೇ ಬಿಸಿ. ಪಾಪ, ಇನ್ನೂ ರಭಸದಿಂದ ತಿರುಗದೆ ಅದಕ್ಕೆ ಗತಿಯಿಲ್ಲ.

ಆದುದರಿಂದ ಮೊದಲು ಮಾಡಬೇಕಾದುದು ಅದರ ಹೊರೆಯನ್ನು ಇಳಿಸುವ ಕೆಲಸ. ಮುದ್ರಿಸುವಾಗ ಮುದ್ರಣವೊಂದನ್ನೇ ನಡೆಸಿ, ಮಾರ್ದನಿ ಮೊದಲಾದ ಅಲಂಕಾರಗಳನ್ನೆಲ್ಲ ಮೈಕನ್ನು ಎತ್ತಿಟ್ಟ ಮೇಲೆ ಮಾಡಬೇಕು. ವಿಂಡೋಸ್ ಯಂತ್ರಗಳಲ್ಲಿ ವಿದ್ಯುತ್ ವ್ಯವಸ್ಥೆಯೊಳಗೆ ಸಂಸ್ಕಾರಕದ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಅದರ ಮಿತಿಮೀರಿದ ಓಟ ನಿಂತು ಮೈ ತಣ್ಣಗಾಗುತ್ತದೆ. ಗಾಳಿಯ ಕಿಂಡಿಯಲ್ಲಿ ಕುಳಿತ ಧೂಳನ್ನು, ಯಂತ್ರವನ್ನು ಆರಿಸಿ, ಮೆದುವಾದ ಕುಂಚದಿಂದ ತೆಗೆಯಬೇಕು. ಸದ್ದಡಗಲೆಂದು ಯಂತ್ರಕ್ಕೆ ಬಟ್ಟೆ ಹೊದಿಸುವುದು ಮಾತ್ರ ಸಲ್ಲದು; ಉಸಿರುಕಟ್ಟಿದ ಫ್ಯಾನು ಇಮ್ಮಡಿಯಾಗಿ ಮೊರೆಯುತ್ತದೆ.

ಎರಡನೆಯದು ದೂರ. ಬಯಲಿನಲ್ಲಿ ಅಂತರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ತಗ್ಗುತ್ತದೆ. ಗೋಡೆಗಳಿರುವ ಕೋಣೆಯಲ್ಲಿ ಅಷ್ಟು ಲಾಭವಿಲ್ಲ. ಯು.ಎಸ್.ಬಿ. ಮೈಕಿನ ಸಾದಾ ತಂತಿ 5 ಮೀಟರಿನವರೆಗೆ ಹೋಗಬಲ್ಲದು. ಹಾಗಾಗಿ ಲ್ಯಾಪ್‌ಟಾಪನ್ನು ನಡುಮನೆಯಲ್ಲಿರಿಸಿ, ತಂತಿಯನ್ನು ಬಾಗಿಲಡಿಯಿಂದ ಎಳೆದುಕೊಂಡು, ಹಾಡುವವರನ್ನು ಒಳಕೋಣೆಯಲ್ಲಿ ಕೂರಿಸುತ್ತೇನೆ. ಒಂದೇ ಕಡೆಯಿಂದ ಚೆನ್ನಾಗಿ ಕೇಳುವ ಮೈಕುಗಳಿಗೆ ಬೆನ್ನು ಕಿವುಡು. ಆ ಬೆನ್ನನ್ನು ಯಂತ್ರದ ಕಡೆಗೂ ಮುಖವನ್ನು ಹಾಡುವವರಿಗೆ ಒಂದು ಗೇಣಿನ ಸಮೀಪಕ್ಕೂ ಇಡಬೇಕು. ಬಾಗಿಲಿಗೆ ದಪ್ಪನೆಯ ಕೌದಿಯನ್ನು ತೂಗುಹಾಕಿದರೆ ಸುಯ್ಯೆನ್ನುವ ಮೇಲಿನ ಸದ್ದು ಬಹುಮಟ್ಟಿಗೆ ಅಡಗುತ್ತದೆ; ಗುಂಯ್ಯೆನ್ನುವ ತಗ್ಗಿನ ಸದ್ದಿಗೆ ಕೌದಿಯ ಅಂಜಿಕೆಯಿಲ್ಲ.

ಇಷ್ಟೆಲ್ಲ ಏಕೆ, ಸದ್ದನ್ನು ಆಮೇಲೆ ಅಳಿಸಬಾರದೇ ಎಂದು ವಾಚಕರು ಕೇಳಬಹುದು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದಕ್ಕೆ ಅನುಕೂಲವಿದೆ: ಹಾಡಿಲ್ಲದ ಕೆಲವು ಕ್ಷಣಗಳ ಬರಿಯ ಸದ್ದನ್ನು ಮಾದರಿಯಾಗಿ ತೋರಿಸಿದರೆ ಅದನ್ನು ಹಾಡಿನುದ್ದಕ್ಕೂ ತಗ್ಗಿಸುತ್ತದೆ. ಅದಕ್ಕಾಗಿ ಹಾಡಿಗೆ ಮೊದಲು ಹತ್ತು ಸೆಕೆಂಡಿನ ಮೌನವನ್ನು ಮುದ್ರಿಸಿಕೊಳ್ಳುವುದು ಒಳ್ಳೆಯದು. ಆದರೆ ಫ್ಯಾನು ನಡುವೆ ವೇಗ ಬದಲಿಸಿದರೆ ಮಾದರಿ ಸುಳ್ಳಾಗುತ್ತದೆ. ಅಲ್ಲದೆ 'ಸ'ಕಾರ 'ಶ'ಕಾರಗಳೂ ಉಸಿರೂ ಫ್ಯಾನಿನ ಸುಯ್ಲಿಗೆ ಹತ್ತಿರದ ಬಂಧುಗಳು. ಹೆಚ್ಚು ಒತ್ತಿ ತೊಳೆದರೆ ಅವೂ ಕೊಚ್ಚಿಹೋಗಿ, ಕಂಠವು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಕಾಳಿನೊಡನೆ ಕಲ್ಲು ಬೆರೆಯದಂತೆ ನೋಡಿಕೊಳ್ಳುವುದು ಸುಲಭ; ಹಿಟ್ಟಾದ ಮೇಲೆ ಆರಿಸುವುದು ಸುಲಭವಲ್ಲ.

ಇಷ್ಟು ಏರ್ಪಾಟಾದ ಮೇಲೆ ಒಬ್ಬ ಅಜ್ಜಿಯನ್ನು ಮೈಕಿನ ಮುಂದೆ ಕೂರಿಸಿದೆನು. ಕೋಣೆ ನಿಶ್ಶಬ್ದವಾಗಿತ್ತು. ಅಜ್ಜಿ ಎರಡು ಸಾಲು ಹಾಡಿ ನಿಲ್ಲಿಸಿದಳು. ಬಲಗೈ ಮಾತ್ರ ಗಾಳಿಯಲ್ಲಿ ಸುತ್ತುತ್ತಿತ್ತು. "ಕಲ್ಲಿಲ್ದ ಪದ ಹ್ಯಾಂಗ ಬರತೈತವ್ವಾ?" ಎಂದಳು.

ಹಿತ್ತಿಲಿನಿಂದ ಕಲ್ಲು ಬಂದಿತು, ಹಿಡಿ ಜೋಳವೂ ಬಂದಿತು. ಗರಗರನೆ ಕಲ್ಲು ತಿರುಗಿದೊಡನೆ ಪದವೂ ಹರಿಯಿತು. ಸಾಲು ಮುಗಿಯುವಲ್ಲಿ ಗೂಟ ಎದೆಯ ಕಡೆಗೆ ಬರುತ್ತಿತ್ತು. ಆಯಾಸವಾದಾಗ ಕಲ್ಲೂ ಕಂಠವೂ ಒಟ್ಟಿಗೆ ನಿಧಾನವಾಗುತ್ತಿದ್ದವು. ನಿಮಿಷಕ್ಕೆ 3000 ಸುತ್ತು ತಿರುಗುವ 31 ಅಲಗುಗಳ ಫ್ಯಾನು ಸೆಕೆಂಡಿಗೆ 1550 ಸಲ ಗಾಳಿಯನ್ನು ಕಡಿದು ತನ್ನದೊಂದು ಸಣ್ಣ ಸಿಳ್ಳನ್ನು ಹೊರಡಿಸುತ್ತದೆ. ಆ ಸಿಳ್ಳು ಏರುವುದೂ ಇಳಿಯುವುದೂ ಯಂತ್ರದ ಕಾವಿಗೆ ತಕ್ಕಂತೆ, ಹಾಡಿನ ಭಾವಕ್ಕೆ ತಕ್ಕಂತಲ್ಲ. ಡೆಸಿಬೆಲ್ಲಿನಲ್ಲಿ ಅಳೆದರೆ ಕಲ್ಲಿನ ಸದ್ದೇ ದೊಡ್ಡದು. ಆದರೂ ಅದನ್ನು ಒಂದು ಕೂದಲೆಳೆಯಷ್ಟೂ ತಗ್ಗಿಸಬೇಕೆಂದು ನನಗೆ ತೋರಲಿಲ್ಲ. ಹಾರ್ಮೋನಿಯಮ್ಮನ್ನೂ ಕೂಡಿಸಲಿಲ್ಲ.

ಅಂದಿನಿಂದ ನನ್ನ ಮುದ್ರಣವೆಲ್ಲ ಬೆಳಗಿನ ಜಾವದಲ್ಲಿ. ಆಗ ಗಾಳಿ ತಂಪು, ಫ್ಯಾನು ಬಹುಮಟ್ಟಿಗೆ ಸುಮ್ಮನಿರುತ್ತದೆ. ಮುದುಕಿಯರಿಗಂತೂ ಪದ ನೆನಪಿಗೆ ಬರುವ ಹೊತ್ತೂ ಅದೇ, ಏಕೆಂದರೆ ಅವರು ಬೀಸುತ್ತಿದ್ದ ಹೊತ್ತು ಅದು.

ಆ ಪದವನ್ನು ತರಗತಿಯಲ್ಲಿ ಕೇಳಿಸಿದಾಗ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು, "ಹಾಡಿನ ಹಿಂದ ಅದೇನ್ರೀ ಸಪ್ಪಳ?" ಎಂದು ಕೇಳಿದಳು. ಫ್ಯಾನು ಇರಬಹುದೆಂದು ಒಂದು ಕ್ಷಣ ಎದೆ ಝಲ್ಲೆಂದಿತು. ಅವಳು ಕೇಳಿದ್ದು ಕಲ್ಲಿನ ಸಪ್ಪಳವನ್ನು. ಬೀಸುವ ಕಲ್ಲು ತಿರುಗುವುದನ್ನು ಆ ತರಗತಿಯ ಯಾವ ಮಗುವೂ ಕೇಳಿರಲಿಲ್ಲ. ಮರುದಿನ ಅಜ್ಜಿಯ ಕಲ್ಲನ್ನು ಶಾಲೆಗೆ ತರಿಸಿದೆನು. ಈಗ ಅದು ಕರಿಹಲಗೆಯ ಪಕ್ಕದಲ್ಲಿದೆ. ಶನಿವಾರ ಮಕ್ಕಳು ಇಬ್ಬಿಬ್ಬರಾಗಿ ಗೂಟ ಹಿಡಿದು ತಿರುಗಿಸುತ್ತಾ ಹಾಡುತ್ತಾರೆ.